ಶ್ರೀರಂಗಪಟ್ಟಣದ ದೊಡ್ಡ ಸ್ವಾಮಿಯೋರು

ನಮ್ಮ ರೂಮಿನಲ್ಲಿ ನಾವು ಮೂರು ಜನ. ಒಬ್ಬ ಕೊಳ್ಳೇಗಾಲ, ಒಬ್ಬ ಯಳಂದೂರು, ಇನ್ನೊಬ್ಬ ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯವನು. ಮೂರನೆಯವನು ಕ್ಯಾಥೋಲಿಕ್. ಎಕ್ಸಾಮ್ ಹಿಂದಿನ ರಾತ್ರಿ ನಾವಿಬ್ಬರು ಹಳೇ ಕ್ವೆಶ್ಚನ್ ಪೇಪರ್ ಹುಡುಕ್ತಾ ಇದ್ದರೆ ಅವನು ಮಂಚದ ಮೇಲೆ ಕೂತು ಜಪಸರ ಹಿಡಿದಿರ್ತಾನೆ. ಹೋದ ಸೆಮ್‌ನಲ್ಲಿ ಮ್ಯಾಥ್ಸ್ ಹೋಯ್ತು, ಆದರೂ ಜಪಸರ ಬಿಡಲಿಲ್ಲ. ಕೇಳಿದ್ದು ಸಿಗದೇ ಇದ್ದರೂ ಪ್ರಾರ್ಥನೆ ಯಾಕೆ ಮಾಡ್ತೀಯ ಅಂತ ನಾವು ಕೇಳಿದೆವು. ಅವನು ನಕ್ಕು ಸುಮ್ಮನಾದ. ಆ ಪ್ರಶ್ನೆ ನಮ್ಮ ತಲೆಯಲ್ಲೇ ಉಳಿದಿದ್ದಾಗ ಸಿಕ್ಕಿದವರು ಅಬೆ ದುಬಾಯ್. ಹಿಸ್ಟರಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಹೆಸರು.

ಪೂರ್ತಿ ಹೆಸರು ಜೀನ್ ಆಂಟ್ವಾನ್ ದುಬಾಯ್. ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಒಂದು ಹಳ್ಳಿಯವರು. 1792ರಲ್ಲಿ ಪಾದ್ರಿಯಾದರು, ಅದೇ ವರ್ಷ ಇಂಡಿಯಾಕ್ಕೆ ಹೊರಟರು. ಆ ವರ್ಷ ಫ್ರಾನ್ಸ್ ಹೇಗಿತ್ತು ಅಂದರೆ, ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಜೈಲುಗಳಲ್ಲಿದ್ದ ಪಾದ್ರಿಗಳನ್ನು ಗುಂಪು ಗುಂಪಾಗಿ ಕೊಂದರು. ಮುಂದಿನ ಜನವರಿಯಲ್ಲಿ ರಾಜನ ತಲೆಯೇ ಹೋಯ್ತು. ದುಬಾಯ್ ಅಲ್ಲೇ ಇದ್ದಿದ್ದರೆ ಉಳೀತಿದ್ದರು ಅನ್ನೋದು ಡೌಟು.

ಮೊದಲು ಪಾಂಡಿಚೇರಿ. ಆಮೇಲೆ 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣ. ಅವರನ್ನು ಅಲ್ಲಿಗೆ ಕರೆಸಿಕೊಂಡವರು ಕರ್ನಲ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ಮನುಷ್ಯ. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೀತಿರುವಾಗ ಇಂಗ್ಲಿಷ್ ಸೈನ್ಯಾಧಿಕಾರಿ ಒಬ್ಬ ಫ್ರೆಂಚ್ ಪಾದ್ರಿಯನ್ನು ಕರೆಸಿದ್ದು ನಮಗೆ ಸ್ವಲ್ಪ ಆಶ್ಚರ್ಯವೇ. ನಮ್ಮ ಊರುಗಳ ಕಥೆಯೂ ಇದೇ ಸಮಯದಲ್ಲಿ ಬದಲಾಯ್ತು. ಕೊಳ್ಳೇಗಾಲ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿ 1956ರವರೆಗೂ ಮದರಾಸಿನ ಜೊತೆಗಿತ್ತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯ್ತು. ಅರ್ಧ ಗಂಟೆ ದೂರದ ಎರಡು ಊರು, ಎರಡು ಸರ್ಕಾರ.

ಶ್ರೀರಂಗಪಟ್ಟಣದಲ್ಲಿ ದುಬಾಯ್‌ಗೆ ಕಾದಿದ್ದ ಕೆಲಸ ಸುಲಭದ್ದಲ್ಲ. 1784ರಲ್ಲಿ ಟಿಪ್ಪು ಕರಾವಳಿಯಿಂದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ತಂದು, ಬಹಳ ಜನರನ್ನು ಬಲವಂತವಾಗಿ ಮತಾಂತರ ಮಾಡಿಸಿದ್ದ. ಹದಿನೈದು ವರ್ಷ ಆದ ಮೇಲೆ ಆ ಜನ ವಾಪಸ್ ಬಂದು ಪಾದ್ರಿಯ ಮುಂದೆ ನಿಂತರು. ಅವರ ಪಾಪನಿವೇದನೆ ಕೇಳಿ ಮತ್ತೆ ಸೇರಿಸಿಕೊಳ್ಳಬೇಕಿತ್ತು. ಸೇರಿಸಿಕೊಂಡರು. ಆದರೆ ಆ ಜನರಲ್ಲಿ ಒಬ್ಬರೂ ನಂಬಿಕೆಗಾಗಿ ಜೀವ ಕೊಡಲಿಲ್ಲವಲ್ಲ ಎಂದು ಮುಂದೆ ಬಹಳ ಕಹಿಯಾಗಿ ಬರೆದರು. ಇದನ್ನು ಓದಿದಾಗ ನಮಗೆ ಕೋಪ ಬಂತು. 1792ರಲ್ಲಿ ಹಡಗು ಹತ್ತಿದವರು ಹೇಳುವ ಮಾತಾ ಇದು? ಮಾರ್ಟಳ್ಳಿಯವನು ಮಾತ್ರ ಬೇರೆ ಥರ ಹೇಳಿದ. ಅವರು ಬೈತಾ ಇದ್ದದ್ದು ಅರ್ಧ ತಮ್ಮನ್ನೇ ಇರಬಹುದು ಅಂದ. ಇರಬಹುದು, ನಮಗೆ ಹೊಳೆದಿರಲಿಲ್ಲ.

ಅವರು ಬದುಕಿದ ರೀತಿ ನೋಡಿ. ಮಾಂಸ ಬಿಟ್ಟರು. ಪೇಟ ಸುತ್ತಿ ಇಲ್ಲಿಯವರ ಥರ ಉದ್ದ ಅಂಗಿ ಹಾಕಿದರು. ಜನರ ಊಟವನ್ನೇ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯೋರು ಅಂತ ಕರೆದರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇವತ್ತಿಗೂ ಇದೆ. ಹಾಸನದ ಕಡೆ ಬಡ ಕ್ರೈಸ್ತರನ್ನು ಸೇರಿಸಿ ಬೇಸಾಯದ ಊರು ಕಟ್ಟಿದರು. ಮಾತಾಡಲು ತಮ್ಮ ಭಾಷೆಯವರು ಅಪರೂಪ. ಒಂದು ಪತ್ರ ಊರಿಗೆ ಹೋಗಿ ಉತ್ತರ ಬರಬೇಕಾದರೆ ವರ್ಷವೇ ಬೇಕು. ಜೊತೆಗೆ ಇದ್ದದ್ದು ಬಲಿಪೂಜೆ ಮತ್ತು ಲ್ಯಾಟಿನ್ ಪ್ರಾರ್ಥನಾ ಪುಸ್ತಕ. ಕ್ಯಾಥೋಲಿಕ್ ಪಾದ್ರಿ ಅದನ್ನು ಬೆಳಗಿನಿಂದ ರಾತ್ರಿವರೆಗೆ ಹೊತ್ತು ಹೊತ್ತಿಗೆ ಓದಲೇಬೇಕು, ಮನಸ್ಸಿರಲಿ ಬಿಡಲಿ, ಪ್ರಯಾಣವೇ ಇರಲಿ. ಅದರಲ್ಲಿ ಹೆಚ್ಚಿನವು ಕೀರ್ತನೆಗಳು, ದೇವರೇ ಎಲ್ಲಿದ್ದೀಯ ಅಂತ ದೂರುವಂಥವೂ ಎಷ್ಟೋ ಇವೆ. ಪ್ರಾರ್ಥನೆ ಅಂದರೆ ಕೇಳೋದು ಮಾತ್ರ ಅಂದುಕೊಂಡಿದ್ದೆವು. ಇದು ದಿನಾ ಅಟೆಂಡೆನ್ಸ್ ಕೊಟ್ಟ ಹಾಗೆ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಡುಬಿನ ಕಥೆ. ಜೆನ್ನರ್ ಲಸಿಕೆ 1802ರ ಜೂನ್‌ನಲ್ಲಿ ಬಾಂಬೆಗೆ ಬಂತು. ಫ್ರಿಜ್ ಇಲ್ಲ, ಸಿರಿಂಜ್ ಇಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿಗೆ ಚುಚ್ಚಬೇಕು, ಸುಮಾರು ಒಂದು ವಾರದ ಒಳಗೆ. ಚೈನ್ ಕಟ್ ಆದರೆ ಮುಗೀತು. ಜನಕ್ಕೆ ಸಿಡುಬು ಅಂದರೆ ಮಾರಮ್ಮ, ಪರದೇಶಿ ಸೂಜಿ ಅಂದರೆ ಭಯ. ಇಂಥಾದ್ದರಲ್ಲಿ 1803–04ರಲ್ಲಿ ದುಬಾಯ್ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಹಳ್ಳಿ ಹಳ್ಳಿಯಲ್ಲಿ ಮುಖ ಪರಿಚಯ ಇದ್ದ ಸ್ವಾಮಿಗೆ ಮಾತ್ರ ಆಗುವ ಕೆಲಸ ಇದು. ಕೋವಿಡ್ ಟೈಮಲ್ಲಿ ನಮ್ಮ ಕಡೆ ಲಸಿಕೆಗೆ ಹೆದರಿ ಹೊಲಕ್ಕೆ ಓಡಿಹೋದವರನ್ನು ನಾವೇ ನೋಡಿದ್ದೀವಿ.

ಅವರಿಗೆ ಹೆಸರು ತಂದದ್ದು ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಬರೆದ ಪುಸ್ತಕ. ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಓದಿ ಮೆಚ್ಚಿದರು, ಕಂಪನಿ 2000 ಪಗೋಡಾ ಕೊಟ್ಟು ಕೊಂಡುಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. ಆದರೆ ಅದರ ಬಹುಭಾಗ ಕ್ಯೂರ್ಡು ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಹಸ್ತಪ್ರತಿಯಿಂದ ತೆಗೆದದ್ದು ಅಂತ 1980ರ ದಶಕದಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿದರು. ಪ್ಲೇಜರಿಸಂ ಚೆಕ್ ಇದ್ದಿದ್ದರೆ ನಮ್ಮ ಅಸೈನ್‌ಮೆಂಟ್ ಗತಿಯೇ ಆಗ್ತಿತ್ತು. ಜಾತಿ ಪದ್ಧತಿಯನ್ನು ಆ ಪುಸ್ತಕ ಹೊಗಳಿರುವುದೂ ನಮಗೆ ಹಿಡಿಸಲಿಲ್ಲ.

1823ರ ಜನವರಿಯಲ್ಲಿ, 31 ವರ್ಷ ಆದ ಮೇಲೆ, ಅವರು ಕಂಪನಿಯ ಪೆನ್ಷನ್ ಜೊತೆ ವಾಪಸ್ ಹೊರಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಯಾವ ಮಿಷನರಿಯೂ ಬರೆಯದಂಥ ಲೆಕ್ಕ ಕೊಟ್ಟರು. ಇಷ್ಟು ವರ್ಷದ ದುಡಿಮೆಯಲ್ಲಿ ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು 200ರಿಂದ 300 ಜನ, ಅವರಲ್ಲೂ ಬಹಳ ಮಂದಿ ಹೊಟ್ಟೆಪಾಡಿಗೆ ಬಂದವರು, ಈ ದೇಶದಲ್ಲಿ ಈ ಕೆಲಸ ಆಗುವುದಲ್ಲ ಅಂತ. ಇಂಗ್ಲೆಂಡಿನ ಪ್ರಾಟೆಸ್ಟೆಂಟರು ಸಿಟ್ಟಾಗಿ ಉತ್ತರದ ಪುಸ್ತಕಗಳನ್ನೇ ಬರೆದರು. ಫೇಲ್ ಅಂತ ಮಾರ್ಕ್ಸ್ ಕಾರ್ಡಿಗೆ ತಾನೇ ಸೈನ್ ಹಾಕಿದ ಮನುಷ್ಯ, ಆದರೆ ಪಾದ್ರಿ ಕೆಲಸ ಬಿಡಲಿಲ್ಲ. ಪ್ಯಾರಿಸಿಗೆ ಹೋಗಿ ಮಿಷನರಿಗಳನ್ನು ತಯಾರು ಮಾಡುವ ತಮ್ಮ ಸೆಮಿನರಿಯಲ್ಲೇ ಸೇರಿಕೊಂಡು, 1836ರಿಂದ 39ರವರೆಗೆ ಅದರ ಮುಖ್ಯಸ್ಥರಾಗಿದ್ದರು. ನಡುವೆ 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಇಂಡಿಯಾಕ್ಕೆ ಮತ್ತೆ ಬರಲಿಲ್ಲ.

ತೀರಿಕೊಂಡದ್ದು 1848ರ ಫೆಬ್ರವರಿ 17. ಆಗ ವಯಸ್ಸು 80 ದಾಟಿತ್ತು. ಅದಾಗಿ ವಾರದೊಳಗೆ ಪ್ಯಾರಿಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಶುರುವಾಗಿ ಮತ್ತೊಬ್ಬ ರಾಜ ಓಡಿಹೋದ.

ಸೆಮ್ ರಜಾದಲ್ಲಿ ನಾವು ಮೂವರೂ ಗಂಜಾಂಗೆ ಹೋಗೋದು ಅಂತ ಇದೆ. ಅದಕ್ಕೆ ಮೊದಲು ಬ್ಯಾಕ್‌ಲಾಗ್ ಪರೀಕ್ಷೆ ಇದೆ. ಈ ಸಲ ಅವನ ಪಕ್ಕದಲ್ಲಿ ಕೂತು ಮ್ಯಾಥ್ಸ್ ಹೇಳಿಕೊಡೋದು ನಮ್ಮ ಕೆಲಸ, ಜಪಸರ ಅವನದ್ದು.