ಮೇಡಂ ಕ್ಯೂರಿಯ ಕ್ಷ-ಕಿರಣ ಗಾಡಿಗಳು

1867ನೆಯ ಇಸವಿ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ, ಉಪಾಧ್ಯಾಯ ದಂಪತಿಗಳ ಮನೆಯಲ್ಲಿ ಹುಟ್ಟಿದ ಮಾರಿಯಾ ಸ್ಕ್ಲೊಡೊವ್ಸ್ಕಾ ಎಂಬ ಹುಡುಗಿಯೇ ಮುಂದೆ ಮೇಡಂ ಕ್ಯೂರಿಯೆಂದು ಲೋಕವಿಖ್ಯಾತಳಾದಳು. ರಷ್ಯನ್ನರ ಆಳ್ವಿಕೆಗೊಳಗಾಗಿದ್ದ ಆ ಊರಿನ ವಿಶ್ವವಿದ್ಯಾನಿಲಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಪರರ ಮಕ್ಕಳಿಗೆ ಪಾಠ ಹೇಳಿ ಹಣ ಕೂಡಿಸಿ, 1891ರಲ್ಲಿ ಆಕೆ ಪ್ಯಾರಿಸ್ಸಿಗೆ ಬಂದಳು. 1895ರಲ್ಲಿ ಪಿಯರ್ ಕ್ಯೂರಿಯ ಕೈಹಿಡಿದಳು. 1898ರಲ್ಲಿ ಆತನೊಡನೆ ಪೊಲೋನಿಯಂ, ರೇಡಿಯಂಗಳನ್ನು ಕಂಡುಹಿಡಿದಳು. 1903ರಲ್ಲಿಯೂ 1911ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು. ಇವೆರಡರ ನಡುವೆ, 1906ರಲ್ಲಿ, ಪತಿಯು ಕುದುರೆಗಾಡಿಯಡಿ ಸಿಕ್ಕಿ ಮೃತನಾದನು.

ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಒಂದನೆಯ ಮಹಾಯುದ್ಧದಲ್ಲಿ ಆಕೆ ಸಲ್ಲಿಸಿದ ಸೇವೆಯನ್ನು ಬಲ್ಲವರು ಕಡಮೆ.

1914ರಲ್ಲಿ ಯುದ್ಧ ಮೊದಲಾದಾಗ ಕ್ಷ-ಕಿರಣ ಯಂತ್ರಗಳಿದ್ದುದು ಪಟ್ಟಣದ ಆಸ್ಪತ್ರೆಗಳಲ್ಲಿ. ಗಾಯಾಳುಗಳಿದ್ದುದು ರಣರಂಗದ ಬಳಿಯ ಬಿಡಾರಗಳಲ್ಲಿ. ಗುಂಡು ಎಲ್ಲಿ ಹೊಕ್ಕಿದೆಯೆಂದು ಕಾಣದೆಯೇ ವೈದ್ಯರು ಶಸ್ತ್ರಕ್ರಿಯೆ ಮಾಡಬೇಕಾಗಿತ್ತು. ರೋಗಿಯಿದ್ದಲ್ಲಿಗೆ ಯಂತ್ರವನ್ನೇ ಒಯ್ಯಬೇಕೆಂದು ಮೇಡಂ ಕ್ಯೂರಿ ನಿಶ್ಚಯಿಸಿದಳು. ಉಳ್ಳವರಿಂದ ಮೋಟಾರು ಗಾಡಿಗಳನ್ನು ಬೇಡಿ ತಂದು, ಕ್ಷ-ಕಿರಣದ ಕೊಳವೆಯನ್ನೂ ಛಾಯಾಚಿತ್ರದ ಸಲಕರಣೆಗಳನ್ನೂ ವಿದ್ಯುತ್ತಿಗಾಗಿ ಡೈನಮೋವನ್ನೂ ಅಳವಡಿಸಿದಳು. ಇಂಥ ಗಾಡಿಗಳು ಸುಮಾರು 20 ಸಿದ್ಧವಾದವು. ಜನ ಇವನ್ನು ಪುಟ್ಟ ಕ್ಯೂರಿಗಳೆಂದು ಕರೆದರು. ಸುಮಾರು 200 ಆಸ್ಪತ್ರೆಗಳಲ್ಲಿ ಕ್ಷ-ಕಿರಣದ ಕೊಠಡಿಗಳನ್ನೂ ಏರ್ಪಡಿಸಿದಳು. ತಾನೇ ಮೋಟಾರು ನಡೆಸಲು ಕಲಿತಳು. 17 ವರ್ಷದ ಮಗಳು ಐರೀನ್ ಜೊತೆಗೂಡಿದಳು. ಸುಮಾರು 150 ಹೆಂಗಸರು ತರಬೇತಿ ಪಡೆದರು. ಹೀಗೆ ಪರೀಕ್ಷೆಗೊಂಡ ಗಾಯಾಳುಗಳು 10 ಲಕ್ಷಕ್ಕೂ ಹೆಚ್ಚೆಂದು ಅಂದಾಜು.

ಆದರೆ ಗಾಯಾಳು ಕಿರಣದೆದುರು ಮಲಗುವುದು ಒಂದೆರಡು ಸಲ. ಯಂತ್ರ ನಡೆಸುವವರು ನಿಲ್ಲುವುದು ದಿನವೂ. ಕಿರಣಗಳು ಚರ್ಮವನ್ನು ಸುಡುತ್ತವೆಂದು ಆಗಲೇ ಗೊತ್ತಿತ್ತು. ರಕ್ತಕ್ಕೂ ಮೂಳೆಯ ಮಜ್ಜೆಗೂ ಆಗುವ ಕೇಡಿನ ಪೂರ್ಣ ಅರಿವಿರಲಿಲ್ಲ. 1934ರ ಜುಲೈ 4ರಂದು, ಮಜ್ಜೆಯು ರಕ್ತವನ್ನು ಉತ್ಪಾದಿಸಲಾರದ ವ್ಯಾಧಿಯಿಂದ ಆಕೆ ತೀರಿಕೊಂಡಳು. 1956ರಲ್ಲಿ ಐರೀನಳನ್ನು ರಕ್ತದ ಕ್ಯಾನ್ಸರು ಬಲಿತೆಗೆದುಕೊಂಡಿತು. ತಾಯಿಯ ಸಾವಿಗೆ ರೇಡಿಯಮ್ಮೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1995ರಲ್ಲಿ ಆಕೆಯ ಪಾರ್ಥಿವ ಶರೀರವನ್ನು ಪ್ಯಾರಿಸ್ಸಿನ ಪಾಂಥಿಯಾನಿಗೆ ಸಾಗಿಸುವಾಗ ಪರೀಕ್ಷಿಸಿದ ಫ್ರೆಂಚ್ ತಜ್ಞರು, ಅಷ್ಟೊಂದು ರೇಡಿಯಂ ಕಾಣದೆ, ಯುದ್ಧಕಾಲದ ಕ್ಷ-ಕಿರಣಗಳೇ ಕಾರಣವಾಗಿರುವ ಸಂಭವ ಹೆಚ್ಚೆಂದು ಅಭಿಪ್ರಾಯಪಟ್ಟರು.

ಇಂದು ಆಸ್ಪತ್ರೆಯ ವಾರ್ಡುಗಳಲ್ಲಿ ಹಾಸಿಗೆಯ ಬಳಿಗೇ ಉರುಳಿ ಬರುವ ಯಂತ್ರ ಆ ಗಾಡಿಗಳ ಸಂತತಿಯೇ. ಅದನ್ನು ನಡೆಸುವವರಿಗೆ ಇಂದು ಮೂರು ರಕ್ಷೆಗಳುಂಟು: ಕಿರಣದ ಬಳಿ ಕಳೆಯುವ ಕಾಲ ಕಡಮೆಯಿರಬೇಕು, ದೂರ ಹೆಚ್ಚಿರಬೇಕು, ಮೈಮೇಲೆ ಸೀಸದ ಏಪ್ರನ್ ಇರಬೇಕು. ದೂರ ಇಮ್ಮಡಿಯಾದರೆ ತಾಗುವ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಉದ್ದದ ತಂತಿಯ ಗುಂಡಿ ಹಿಡಿದು ಕನಿಷ್ಠ 6 ಅಡಿ ಹಿಂದೆ ನಿಲ್ಲುವುದು. ಎದೆಯ ಮೇಲಿನ ಬಿಲ್ಲೆ ತಗುಲಿದ ಕಿರಣದ ಲೆಕ್ಕವಿಡುತ್ತದೆ. ಭಾರತದಲ್ಲಿ ಇದರ ಮಿತಿಯನ್ನು ವಿಧಿಸುವುದು ನಮ್ಮ ಮುಂಬಯಿಯಲ್ಲಿಯೇ ಇರುವ, 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿ.

ಅವಸರದ ಪಾಳಿಯಲ್ಲಿ ಏಪ್ರನ್ ಭಾರವೆನಿಸಬಹುದು, ಆರು ಹೆಜ್ಜೆ ಹಿಂದೆ ಸರಿಯುವುದು ಕಾಲಹರಣವೆನಿಸಬಹುದು. ಪರರ ಪ್ರಾಣ ಉಳಿಸಲು ಹೋಗಿ ತನ್ನ ಆಯುಸ್ಸನ್ನೇ ತೆತ್ತ ಆ ತಾಯಿಯನ್ನು ಗೌರವಿಸುವುದೆಂದರೆ, ಆ ಬೆಲೆಯನ್ನು ಇನ್ನೊಬ್ಬರು ತೆರದಂತೆ ನೋಡಿಕೊಳ್ಳುವುದು.