ಮಣ್ಣಿನ ಹದ ಬಲ್ಲ ಸಾರಥಿ: ರೆಡ್ ಬೈರನ್

ಮೋಟಾರು ಪಂದ್ಯವೆಂದರೆ ಬರಿಯ ವೇಗವೆಂದು ತಿಳಿದವರು ರೆಡ್ ಬೈರನ್ನನ ಜೀವನವನ್ನು ಅರಿಯಬೇಕು. 1915ರಲ್ಲಿ ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ ಹುಟ್ಟಿದ ಅವನು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಕಾರು ಓಟದಲ್ಲಿ ಪಳಗಿದ್ದನು. ಯುದ್ಧದಲ್ಲಿ, ಅಲ್ಯೂಷಿಯನ್ ದ್ವೀಪಗಳ ಮೇಲೆ ಬಾಂಬರು ವಿಮಾನದಲ್ಲಿದ್ದಾಗ, ಎಡಗಾಲು ಜರ್ಜರಿತವಾಯಿತು. ಕ್ಲಚ್ಚನ್ನು ಒತ್ತಬೇಕಾದುದು ಆ ಕಾಲೇ! ಎರಡು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದು ಬಂದವನು, ಕಾಲಿನ ಉಕ್ಕಿನ ಆಧಾರವನ್ನು ಕ್ಲಚ್ಚಿಗೇ ಜೋಡಿಸಿಕೊಂಡು ಮತ್ತೆ ಪಂದ್ಯಕ್ಕಿಳಿದನು.

ಮಣ್ಣಿನ ಹಾದಿ ಗಳಿಗೆಗೊಂದು ಗುಣ ತೋರುವುದು. ನೀರು ಚಿಮುಕಿಸಿದಾಗ ಚಕ್ರವನ್ನು ಬಿಗಿಯಾಗಿ ಹಿಡಿಯುವ ನೆಲವು ಓಟ ಸಾಗಿದಂತೆ ಒಣಗಿ, ನುಣುಪಾಗಿ, ಕಾರಿನ ಹಿಂಬದಿಯನ್ನು ಹೊರಕ್ಕೆ ಜಾರಿಸುವುದು. ಆಗ ಟಯರಿನ ಗಾಳಿ ಇಳಿಸಿಯೋ ಸ್ಪ್ರಿಂಗನ್ನು ಮೆದುಗೊಳಿಸಿಯೋ ಹಿಡಿತ ತರಬೇಕು. ಅದಕ್ಕೆ ಸಮಯವಿಲ್ಲದಿದ್ದರೆ ಸಾರಥಿಯೇ ತೇವವುಳಿದ ಜಾಡನ್ನು ಹುಡುಕಿ ಮೃದುವಾಗಿ ಓಡಿಸಬೇಕು. ನಮ್ಮ ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೂ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡದೆ ನೇಗಿಲು ಹೂಡುವವರಲ್ಲ. ಬೈರನ್ನನ ವಿದ್ಯೆಯೂ ಅದೇ ಜಾತಿಯದೆಂದು ನನ್ನೆಣಿಕೆ.

ಡೇಟೋನಾದಲ್ಲಂತೂ ಹಾದಿಯ ಒಂದು ಪಾರ್ಶ್ವ ಡಾಂಬರು, ಇನ್ನೊಂದು ಕಡಲ ಮರಳು. ಉಬ್ಬರ ಏರುವುದರೊಳಗೆ ಓಟ ಮುಗಿಯಬೇಕು. ತಿರುವುಗಳ ಮರಳಿನಲ್ಲಿ ಸುತ್ತುಸುತ್ತಿಗೂ ಹೊಸ ಹೊಂಡ. 1948ರ ಫೆಬ್ರುವರಿ 15ರಂದು ನ್ಯಾಸ್ಕಾರ್ ಸಂಸ್ಥೆಯ ಪ್ರಥಮ ಪಂದ್ಯವನ್ನು ಬೈರನ್ ಅಲ್ಲಿಯೇ ಗೆದ್ದನು. ಕಾರನ್ನು ಅಣಿಗೊಳಿಸಿದವನು ರೆಡ್ ವೋಗ್ಟ್ ಎಂಬ ಮೆಕ್ಯಾನಿಕ್. (ಕೀರ್ತಿಯಲ್ಲಿ ಅವನಿಗೂ ಪಾಲು ಸಲ್ಲಬೇಕು.) 1949ರಲ್ಲಿ, ಜನರು ಕೊಂಡು ಓಡಿಸುವಂಥ ಕಾರುಗಳಿಗೇ ಏರ್ಪಟ್ಟ ಹೊಸ ಸ್ಪರ್ಧೆಯಲ್ಲಿ, ಓಲ್ಡ್ಸ್‌ಮೊಬೈಲನ್ನು ಓಡಿಸಿ ಡೇಟೋನಾದ ಮರಳನ್ನೂ ಮಾರ್ಟಿನ್ಸ್‌ವಿಲ್ಲಿನ ಮಣ್ಣನ್ನೂ ಜಯಿಸಿ ವರ್ಷದ ಪ್ರಶಸ್ತಿ ಪಡೆದನು. ದೇಹಸ್ಥಿತಿ ಕುಗ್ಗಿದುದರಿಂದ 1951ರ ಬಳಿಕ ಆ ಸ್ಪರ್ಧೆಗೆ ಇಳಿಯಲಿಲ್ಲ. 1960ರಲ್ಲಿ, 45ನೆಯ ವಯಸ್ಸಿನಲ್ಲಿ, ಚಿಕಾಗೋ ನಗರದಲ್ಲಿ ತೀರಿಕೊಂಡನು.