ಪ್ರೊ. ಜಿ.ಎನ್. ರಾಮಚಂದ್ರನ್ (1922–2001): ಪ್ರೋಟೀನ್ ಸರಪಳಿಯ ರಚನೆಯನ್ನು ಅರಿತ ವಿಜ್ಞಾನಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಪ್ರಮುಖ ಬೆಳೆಯಾದ ತೊಗರಿಯು ಜನಸಾಮಾನ್ಯರ ದಿನನಿತ್ಯದ ಊಟಕ್ಕೆ ಪ್ರೋಟೀನ್ (ಸಸಾರಜನಕ) ಒದಗಿಸುತ್ತದೆ. ಅಮೈನೊ ಆಮ್ಲಗಳೆಂಬ ಸಣ್ಣ ಘಟಕಗಳು ಒಂದಕ್ಕೊಂದು ಕೂಡಿ ಆದ ಉದ್ದನೆಯ ಸರಪಳಿಯೇ ಪ್ರೋಟೀನ್. ಈ ಘಟಕಗಳನ್ನು ಜೋಡಿಸುವ ಕೊಂಡಿಗೆ ಪೆಪ್ಟೈಡ್ ಬಂಧ ಎಂದು ಹೆಸರು. ಬರಿಯ ನೀರಿನಲ್ಲಿ ಈ ಬಂಧವು ತಾನಾಗಿ ಕಳಚಲು ನೂರಾರು ವರ್ಷಗಳು ಬೇಕಾಗುತ್ತವೆ. ಜಠರ ಮತ್ತು ಕರುಳಿನ ಕಿಣ್ವಗಳು ಅದನ್ನು ಕೆಲವೇ ಗಂಟೆಗಳಲ್ಲಿ ತುಂಡರಿಸುತ್ತವೆ. ಆದರೆ ಎಲ್ಲ ಪ್ರೋಟೀನುಗಳೂ ಒಂದೇ ರೀತಿಯಲ್ಲಿ ತುಂಡಾಗುವುದಿಲ್ಲ. ಸರಪಳಿಯು ಯಾವ ರೀತಿ ಮಡಿಚಿಕೊಂಡಿದೆ ಎಂಬುದನ್ನು ಇದು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆ ಮಡಿಕೆಯ ಮೂಲ ನಿಯಮವನ್ನು ತೋರಿಸಿಕೊಟ್ಟ ಪ್ರೊ. ಜಿ.ಎನ್. ರಾಮಚಂದ್ರನ್‌ರವರ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆಯವರು ಗಣಿತ ಪ್ರಾಧ್ಯಾಪಕರಾಗಿದ್ದರು. ತಿರುಚಿರಾಪಳ್ಳಿಯಲ್ಲಿ ಪದವಿ ಪಡೆದು, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದರು. ಆದರೆ ಅವರ ಒಲವು ಭೌತಶಾಸ್ತ್ರದ ಕಡೆಗಿದ್ದುದರಿಂದ ಸರ್ ಸಿ.ವಿ. ರಾಮನ್‌ರವರ ವಿಭಾಗಕ್ಕೆ ವರ್ಗಾವಣೆಗೊಂಡು, ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡರು. ನಂತರ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ನೇಮಕಗೊಂಡಾಗ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ.

ಕೊಲಾಜೆನ್ ಸಂಶೋಧನೆ

ಚರ್ಮ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ಬಲ ನೀಡುವ ಪ್ರೋಟೀನ್ ಕೊಲಾಜೆನ್. ಅದರ ರಚನೆ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ರಾಮಚಂದ್ರನ್‌ರವರು ಗೋಪಿನಾಥ್ ಕರ್ತಾ ಅವರೊಂದಿಗೆ ಕ್ಷ-ಕಿರಣಗಳ ಸಹಾಯದಿಂದ ಅಧ್ಯಯನ ನಡೆಸಿ, ಕೊಲಾಜೆನ್ ಮೂರು ಎಳೆಗಳ ಹುರಿಯೆಂದು 1954ರಲ್ಲಿ ಪ್ರಕಟಿಸಿದರು. 1955ರಲ್ಲಿ ಆ ಹುರಿ ಮತ್ತೊಮ್ಮೆ ತಿರುಚಿಕೊಂಡಿದೆಯೆಂದು ಮಾದರಿಯನ್ನು ತಿದ್ದಿದರು.

ಹಗ್ಗದ ಎಳೆಗಳಂತೆ ಬಿಗಿಯಾಗಿ ಹೊಸೆದುಕೊಂಡ ಈ ರಚನೆಯೊಳಕ್ಕೆ ಜಠರದ ಪೆಪ್ಸಿನ್ ಕಿಣ್ವವು ಸುಲಭವಾಗಿ ಕೈಹಾಕಲಾರದು. ಎಲುಬು, ಚರ್ಮಗಳನ್ನು ನೀರಿನಲ್ಲಿ ಕುದಿಸಿದಾಗ ಎಳೆಗಳು ಬೇರ್ಪಟ್ಟು ಜಿಲಾಟಿನ್ ಆಗುತ್ತದೆ. ಪೆಪ್ಟೈಡ್ ಬಂಧಗಳು ಆಗಲೂ ಬಹುತೇಕ ಹಾಗೆಯೇ ಉಳಿದಿರುತ್ತವೆ. ಆದರೆ ಹುರಿ ಬಿಚ್ಚಿದ್ದರಿಂದ ಕಿಣ್ವಗಳು ಅವನ್ನು ಬೇಗನೆ ಕತ್ತರಿಸುತ್ತವೆ.

ಆಕ್ಷೇಪಣೆ ಮತ್ತು ಅದರ ಫಲ

1955ರಲ್ಲಿಯೇ ಕೇಂಬ್ರಿಡ್ಜ್‌ನ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್‌ರವರು ಸದರಿ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರದಲ್ಲಿವೆಯೆಂದು ಆಕ್ಷೇಪಿಸಿದರು. ಮೂರೆಳೆಯ ಹುರಿ ಎಂಬ ಮೂಲ ಕಲ್ಪನೆ ಉಳಿದರೂ, ಜಲಜನಕ ಬಂಧಗಳ ಎಣಿಕೆಯಲ್ಲಿ ಅವರ ಮಾದರಿಗೆ ಹೆಚ್ಚಿನ ಮನ್ನಣೆ ದೊರೆಯಿತು. ರಾಮಚಂದ್ರನ್‌ರವರು ಈ ಆಕ್ಷೇಪಣೆಯನ್ನು ತಳ್ಳಿಹಾಕಲಿಲ್ಲ. ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬುದನ್ನು ಅರಿಯಲು, ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಪರಿಶೀಲಿಸಿ ಅಂತರಗಳ ಪಟ್ಟಿ ಸಿದ್ಧಪಡಿಸಿದರು.

ಪೆಪ್ಟೈಡ್ ಬಂಧವು ಹಲಗೆಯಂತೆ ಚಪ್ಪಟೆಯಾಗಿದ್ದು ತಿರುಗುವುದಿಲ್ಲ. ಪ್ರತಿ ಅಮೈನೊ ಆಮ್ಲದ ನಡುವಿನ ಇಂಗಾಲದ ಎರಡೂ ಬದಿಯ ಬಂಧಗಳು ಮಾತ್ರ ತಿರುಗಬಲ್ಲವು. ಆ ಎರಡು ಕೋನಗಳ ಯಾವ ಜೋಡಿಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ ಎಂಬುದನ್ನು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್‌ರವರೊಂದಿಗೆ ಲೆಕ್ಕಹಾಕಿ 1963ರಲ್ಲಿ ನಕ್ಷೆಯೊಂದನ್ನು ಪ್ರಕಟಿಸಿದರು. ನಕ್ಷೆಯ ಬಹುಪಾಲು ಜಾಗ ನಿಷಿದ್ಧವೆಂದು ಕಂಡುಬಂತು. ಇದೇ ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದು ಹೆಸರಾಗಿದೆ. ಹೊಸದಾಗಿ ಕಂಡುಹಿಡಿದ ಪ್ರೋಟೀನ್ ರಚನೆ ಸರಿಯಿದೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಇಂದಿಗೂ ಇದನ್ನೇ ಬಳಸುತ್ತಾರೆ.

ಮರಳಿ ಬೆಂಗಳೂರಿಗೆ

ನಂತರ ಬೆಂಗಳೂರಿಗೆ ಮರಳಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1971ರಲ್ಲಿ ಆರಂಭವಾದ ಅಣು ಜೀವಭೌತ ವಿಜ್ಞಾನ ಘಟಕವನ್ನು ಕಟ್ಟಿ ಬೆಳೆಸಿದರು. ಅದೇ ವರ್ಷ ಎ.ವಿ. ಲಕ್ಷ್ಮಿನಾರಾಯಣನ್‌ರವರೊಂದಿಗೆ ಪ್ರಕಟಿಸಿದ ಗಣಿತ ವಿಧಾನವು ಸಿ.ಟಿ. ಸ್ಕ್ಯಾನ್ ಚಿತ್ರಗಳ ರಚನೆಗೆ ನೆರವಾಯಿತು. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಹಾಗೂ 1999ರಲ್ಲಿ ಎವಾಲ್ಡ್ ಪ್ರಶಸ್ತಿ ಅವರಿಗೆ ಸಂದವು. ನೊಬೆಲ್ ಪ್ರಶಸ್ತಿ ಮಾತ್ರ ದೊರೆಯಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿ, 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಇಂದಿನ ಉಪಯೋಗ

ಈಗ ಪ್ರೋಟೀನ್ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಅನಿಲದ ಕಣಗಳಿಗೆ ಡಿಕ್ಕಿ ಹೊಡೆಸಿ, ಸರಪಳಿಯನ್ನು ಮುರಿದು, ಚೂರುಗಳನ್ನು ತೂಗಲಾಗುತ್ತದೆ. ತೂಕಗಳ ವ್ಯತ್ಯಾಸದಿಂದ ಅಮೈನೊ ಆಮ್ಲಗಳ ಅನುಕ್ರಮ ತಿಳಿಯುತ್ತದೆ. ಮುರಿದು ನೋಡುವುದರಿಂದ ಅನುಕ್ರಮವೂ, ರಾಮಚಂದ್ರನ್ ನಕ್ಷೆಯಿಂದ ಮಡಿಕೆಯ ಮಿತಿಯೂ ತಿಳಿಯುವುದರಿಂದ ಇವೆರಡೂ ಪರಸ್ಪರ ಪೂರಕವಾಗಿವೆ. ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವ ಈ ಭಾಗದ ವಿದ್ಯಾರ್ಥಿಗಳಿಗೆ, ಆಕ್ಷೇಪಣೆಯನ್ನೇ ಹೊಸ ಅಧ್ಯಯನಕ್ಕೆ ಆಧಾರ ಮಾಡಿಕೊಂಡ ಶ್ರೀಯುತರ ಜೀವನವು ದಾರಿದೀಪವಾಗಿರುತ್ತದೆ.